ಶವಪೆಟ್ಟಿಗೆಯ ಮುಂದೆ ನಿಂತು ತೀರ್ಪು ಹೇಳಬೇಡಿ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯ ಪೂಜ್ಯ ಧರ್ಮಗುರುಗಳಿಗೆ, ಧ್ಯಾನಕೂಟಗಳ ಬೋಧಕರಿಗೆ ಮತ್ತು ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಎಲ್ಲರಿಗೆ,

ಮಾನ್ಯರೇ,

ವಂದನೆಗಳು. ನಾನು ಕಾರವಾರ ತಾಲೂಕಿನ ಒಂದು ಮೀನುಗಾರರ ಊರಿನವಳು. ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿದ್ದೇನೆ. ಊರಿನ ಮಕ್ಕಳಿಗೂ ಆ ಮಕ್ಕಳ ಅಪ್ಪಂದಿರಿಗೂ ಈಗಲೂ ‘ಅಕ್ಕೋರು’. ನಮ್ಮ ಇಗರ್ಜಿಯಲ್ಲಿಯೇ (ಚರ್ಚಿನಲ್ಲಿಯೇ) ದೀಕ್ಷಾಸ್ನಾನ ಪಡೆದವಳು, ಅದರ ಹಿಂದಿನ ಸ್ಮಶಾನದಲ್ಲಿಯೇ ಜಾಗ ಬೇಕೆನ್ನುವವಳು. ಹಾಗಾಗಿ ಇದನ್ನು ಹೊರಗಿನವರ ಟೀಕೆ ಎಂದು ಬದಿಗೆ ಸರಿಸಲು ಬರುವುದಿಲ್ಲ. ಇದೇ ವಿಷಯವನ್ನು ಮೊದಲು ಖಾಸಗಿಯಾಗಿ ಬರೆದು, ಕೊಡಬೇಕಾದವರ ಕೈಗೇ ಕೊಟ್ಟಿದ್ದೆ. ‘ನೋಡೋಣ ಅಕ್ಕೋರೇ’ ಎಂದರು. ನಮ್ಮ ಕಡೆ ಈ ‘ನೋಡೋಣ’ಕ್ಕೆ ಅರ್ಥವೇನೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಈಗ ಎಲ್ಲರ ಮುಂದಿಡುತ್ತಿದ್ದೇನೆ. ಯಾವ ಇಗರ್ಜಿ, ಯಾವ ಬೋಧಕರು ಎಂದು ಹೇಳುವುದಿಲ್ಲ. ಒಬ್ಬರ ಹೆಸರು ಹೇಳಿದರೆ ಉಳಿದವರೆಲ್ಲ ‘ಅದು ಅವರ ವಿಷಯ’ ಎಂದು ನಿಟ್ಟುಸಿರುಬಿಟ್ಟು ಸುಮ್ಮನಾಗುತ್ತಾರೆ.

ನನ್ನ ದೂರು ಮರಣಾನಂತರದ ತೀರ್ಪಿನ ಬಗ್ಗೆ ನೀವು ಆಡುತ್ತಿರುವ ಮಾತುಗಳ ಕುರಿತಾದದ್ದು. ತೀರ್ಪು ಇಲ್ಲ, ನರಕವಿಲ್ಲ ಎಂದು ಬೋಧಿಸಿ ಎಂಬುದು ನನ್ನ ಕೋರಿಕೆಯಲ್ಲ. ‘ಜೀವಂತರಿಗೂ ಮೃತರಿಗೂ ತೀರ್ಪು ಕೊಡಲು ಆತನು ಮಹಿಮೆಯಿಂದ ಮತ್ತೆ ಬರುವನು’ ಎಂದು ಪ್ರತಿ ಭಾನುವಾರ ವಿಶ್ವಾಸಪ್ರಮಾಣದಲ್ಲಿ ನಾನೂ ಹೇಳುತ್ತೇನೆ, ನಂಬಿಯೇ ಹೇಳುತ್ತೇನೆ. ಆತನು ಬರುವ ಮೊದಲೇ ಆತನ ಕುರ್ಚಿಯಲ್ಲಿ ನೀವು ಕುಳಿತುಬಿಡುತ್ತೀರಲ್ಲ, ಅದಕ್ಕೆ ನನ್ನ ತಕರಾರು.

ನಡೆದದ್ದನ್ನು ಹೇಳುತ್ತೇನೆ. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜೂನ್-ಜುಲೈ ಅವಧಿಯಲ್ಲಿ ನಮ್ಮ ಊರಿನ ಒಬ್ಬ ಯುವಕ ತನ್ನ ಜೀವವನ್ನು ತಾನೇ ಕಳೆದುಕೊಂಡ. ಇಂಜಿನ್ನಿಗೆ ಸಾಲ ಮಾಡಿದ್ದ, ಮೀನು ಕೈಕೊಟ್ಟಿತ್ತು. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಒದ್ದಾಡಿ, ಮನೋವೈದ್ಯರ ಬಳಿಗೂ ಹೋಗಿ ಬರುತ್ತಿದ್ದ. ಇದು ಊರಿಗೆಲ್ಲ ಗೊತ್ತಿತ್ತು, ಶವಪೂಜೆಗೆ ಬಂದ ಬೋಧಕರಿಗೂ ಗೊತ್ತಿತ್ತು. ಅವರು ಇಬ್ರಿಯರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯದಿಂದ, ಮನುಷ್ಯ ಸಾಯುವುದು ಒಂದೇ ಸಲ, ಆಮೇಲೆ ತೀರ್ಪು ಎಂಬ ವಚನವನ್ನು ಓದಿದರು. ಅಷ್ಟರವರೆಗೆ ಸರಿಯಾಗಿಯೇ ಇತ್ತು. ಅನಂತರ ಪೆಟ್ಟಿಗೆಯ ಕಡೆ ಕೈ ತೋರಿಸಿ, ದೇವರು ಕೊಟ್ಟ ಜೀವವನ್ನು ದೇವರ ಮುಖಕ್ಕೇ ಎಸೆದವನಿಗೆ ಸ್ವರ್ಗದ ಬಾಗಿಲು ಮುಚ್ಚಿದೆ, ಉಳಿದ ಯುವಕರು ಇದನ್ನು ನೋಡಿ ಪಾಠ ಕಲಿಯಬೇಕು ಎಂದರು.

ತಾಯಿ ಮುಂದಿನ ಬೆಂಚಿನಲ್ಲಿದ್ದಳು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಮಗನನ್ನು ಸಾಕಿದವಳು. ಕೈಯಲ್ಲಿ ಜಪಸರ ಹಿಡಿದುಕೊಂಡಿದ್ದಳು. ಆ ಮಾತು ಮುಗಿದ ಮೇಲೆ ಮಣಿಗಳನ್ನು ಮೆಲ್ಲನೆ ಒಟ್ಟುಮಾಡಿ, ಮೀನಿನ ದುಡ್ಡು ಕಟ್ಟಿಕೊಳ್ಳುವ ಸೆರಗಿನ ತುದಿಗೆ ಗಂಟು ಹಾಕಿದಳು. ಅತ್ತಿದ್ದರೆ ಇಷ್ಟು ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ. ತಿಂಗಳ ಪೂಜೆಗೆ ಹೆಸರು ಬರೆಸೋಣ ಬಾ ಎಂದು ಕರೆಯಲು ಹೋದಾಗ ಅವಳು ಕೇಳಿದ್ದು ಇಷ್ಟೇ: ‘ಬಾಗಿಲೇ ಮುಚ್ಚಿದೆಯಂತಲ್ಲ ಅಕ್ಕೋರೇ, ಪೂಜೆ ಯಾರಿಗೆ ಮುಟ್ಟುತ್ತದೆ?’

ಪೂಜ್ಯರೇ, ಈ ಪ್ರಶ್ನೆಗೆ ನಿಮ್ಮ ಮೇಜಿನ ಮೇಲಿರುವ ಪುಸ್ತಕದಲ್ಲಿಯೇ ಉತ್ತರವಿದೆ. 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಹೊರಡಿಸಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ 2282 ಮತ್ತು 2283ನೆಯ ಕಂಡಿಕೆಗಳನ್ನು ತೆರೆದು ನೋಡಿ. ಆತ್ಮಹತ್ಯೆ ಘೋರ ತಪ್ಪು ಎಂದು ಗ್ರಂಥ ಹೇಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ತೀವ್ರ ಮಾನಸಿಕ ಅಸ್ವಸ್ಥತೆ, ಸಂಕಟ, ಕಷ್ಟದ ಭಯ ಇವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು ಎಂದೂ ಹೇಳುತ್ತದೆ. ತಮ್ಮ ಜೀವವನ್ನು ತಾವೇ ಕಳೆದುಕೊಂಡವರ ನಿತ್ಯರಕ್ಷಣೆಯ ಬಗ್ಗೆ ನಾವು ಆಸೆ ಬಿಡಬಾರದು, ಪಶ್ಚಾತ್ತಾಪದ ಅವಕಾಶವನ್ನು ದೇವರು ತನಗೊಬ್ಬನಿಗೇ ಗೊತ್ತಿರುವ ದಾರಿಯಲ್ಲಿ ಒದಗಿಸಬಲ್ಲ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು ಬರೆದಿದೆ. ಇದು ಯಾರೋ ಮೃದು ಮನಸ್ಸಿನ ಅಕ್ಕೋರು ತಾಯಿಯ ಕಣ್ಣೀರು ಒರೆಸಲು ಕಟ್ಟಿದ ಮಾತಲ್ಲ. ಅದೇ ಗ್ರಂಥದ 1861ನೆಯ ಕಂಡಿಕೆಯಂತೆ ಒಂದು ಕೃತ್ಯ ಘೋರವೆಂದು ನಾವು ಹೇಳಬಹುದು, ಆ ವ್ಯಕ್ತಿಯ ತೀರ್ಪನ್ನು ಮಾತ್ರ ದೇವರ ನ್ಯಾಯಕ್ಕೂ ಕರುಣೆಗೂ ಒಪ್ಪಿಸಬೇಕು. ಅಂದಮೇಲೆ ಅಂದು ಪೀಠದಿಂದ ಆಡಿದ ಮಾತು ಧರ್ಮಸಭೆಯದ್ದಲ್ಲ. ಬೋಧಕರ ಸ್ವಂತದ್ದು. ಅದನ್ನು ತಾಯಿಗೆ ಹೇಳುವವರು ಯಾರು?

ಹೂಳುವ ಜಾಗದ ಕಥೆಯೂ ಇದೆ. ಅವನ ಅಜ್ಜ, ಅಪ್ಪ ಮಲಗಿರುವ ಸಾಲಿನಲ್ಲಿ ಸ್ಥಳವಿತ್ತು. ಆದರೆ ಗುಂಡಿ ತೋಡಿದ್ದು ಚಿರೇಕಲ್ಲಿನ ಆವರಣಗೋಡೆಯ ಮೂಲೆಯಲ್ಲಿ, ಮಳೆನೀರು ಹರಿದುಹೋಗುವಲ್ಲಿ. ಮಣ್ಣು ಹಾಕುತ್ತಿದ್ದಂತೆ ಕೆಂಪು ನೀರು ಒಸರುತ್ತಿತ್ತು. ಯಾಕೆ ಇಲ್ಲಿ ಎಂದು ಕೇಳಿದ್ದಕ್ಕೆ ‘ಮೊದಲಿನಿಂದ ಬಂದ ಪದ್ಧತಿ’ ಎಂದರು. ಮೊದಲಿನಿಂದ ಬಂದದ್ದು ಹೌದು. 1917ರ ಧರ್ಮಸಭೆಯ ಕಾನೂನು, ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. 1983ರ ಹೊಸ ಕಾನೂನಿನಲ್ಲಿ ಅಂತ್ಯಕ್ರಿಯೆ ನಿರಾಕರಿಸಬೇಕಾದವರ ಪಟ್ಟಿಯಿಂದ ಅವರನ್ನು ತೆಗೆದುಹಾಕಲಾಗಿದೆ. ನಲವತ್ತು ವರ್ಷ ಕಳೆದರೂ ಆ ಸುದ್ದಿ ರೋಮ್‌ನಿಂದ ನಮ್ಮ ಸ್ಮಶಾನದ ಮೂಲೆಗೆ ಬಂದು ತಲುಪಿಲ್ಲ.

ಅದೇ ಮೂಲೆಯಲ್ಲಿ ಹೆಸರಿಲ್ಲದ ಸಣ್ಣ ದಿಬ್ಬಗಳೂ ಇವೆ. ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಶಿಶುಗಳವು. ಅವುಗಳ ತಾಯಂದಿರಲ್ಲಿ ಕೆಲವರು ಈಗ ಮುದುಕಿಯರು. ಮಗು ಸ್ವರ್ಗಕ್ಕೂ ಹೋಗಲಿಲ್ಲ, ನರಕಕ್ಕೂ ಹೋಗಲಿಲ್ಲ, ನಡುವೆ ಎಲ್ಲೋ ಕತ್ತಲಲ್ಲಿದೆ ಎಂದು ನಂಬಿಯೇ ಬದುಕಿದವರು. ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ, ಅವರಿಗೂ ರಕ್ಷಣೆಯ ದಾರಿ ಇದೆಯೆಂದು ಆಶಿಸುತ್ತೇವೆ ಎನ್ನುತ್ತದೆ ಅದೇ ಗ್ರಂಥದ 1261ನೆಯ ಕಂಡಿಕೆ. ಚಿಕ್ಕ ಮಕ್ಕಳು ನನ್ನ ಬಳಿ ಬರಲಿ, ಅಡ್ಡಿಮಾಡಬೇಡಿ ಎಂದು ಯೇಸು ಹೇಳಿದ್ದನ್ನೇ ಅದು ಆಧಾರವಾಗಿ ತೆಗೆದುಕೊಳ್ಳುತ್ತದೆ. 2007ರಲ್ಲಿ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ ಈ ಒಂದೇ ವಿಷಯದ ಮೇಲೆ ದೀರ್ಘ ದಾಖಲೆಯನ್ನು ಪ್ರಕಟಿಸಿತು. ತಂದೆತಾಯಿ ದೀಕ್ಷಾಸ್ನಾನ ಕೊಡಿಸಬೇಕೆಂದಿದ್ದರೆ ಅಂಥ ಮಗುವಿಗೆ ಪೂರ್ಣ ಅಂತ್ಯಕ್ರಿಯೆ ನಡೆಸಲು ಸ್ಥಳೀಯ ಧರ್ಮಾಧ್ಯಕ್ಷರು ಅನುಮತಿ ಕೊಡಬಹುದೆಂದು ಕಾನೂನೇ ಹೇಳುತ್ತದೆ. ಈ ಮುದುಕಿಯರಲ್ಲಿ ಒಬ್ಬಳಿಗಾದರೂ ನೀವು ಇದನ್ನು ಹೇಳಿದ್ದುಂಟೇ?

ಇನ್ನು ಮಕ್ಕಳ ವಿಷಯ. ಬೇಸಿಗೆ ರಜೆಯಲ್ಲಿ ಐದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಧ್ಯಾನಕೂಟ ಏರ್ಪಡಿಸಿದ್ದಿರಿ. ಅಡುಗೆಗೆ ಕೈಜೋಡಿಸಲು ಬಂದ ಹೆಂಗಸರಲ್ಲಿ ನಾನೂ ಇದ್ದೆ, ಆದ್ದರಿಂದ ಕೇಳಿದ ಮಾತಲ್ಲ, ಕಂಡದ್ದು. ಕೊನೆಯ ರಾತ್ರಿ ದೀಪಗಳನ್ನೆಲ್ಲ ಆರಿಸಿ, ಪರದೆಯ ಮೇಲೆ ಬೆಂಕಿಯ ಚಿತ್ರ ಮೂಡಿಸಿ, ಧ್ವನಿವರ್ಧಕದಲ್ಲಿ ಚೀರಾಟ ಕೇಳಿಸಿದಿರಿ. ಅದು ನರಕದ ಧ್ವನಿಯಂತೆ. ‘ಈ ರಾತ್ರಿ ನೀನು ಸತ್ತರೆ ಎಲ್ಲಿಗೆ ಹೋಗುತ್ತೀಯ?’ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬೋಧಕರು ಸಾಲುಗಳ ನಡುವೆ ನಡೆದರು. ಹತ್ತು ವರ್ಷದ ಮಗುವಿಗೆ ಈ ಪ್ರಶ್ನೆ! ಒಬ್ಬ ಹುಡುಗ ಚಡ್ಡಿ ಒದ್ದೆ ಮಾಡಿಕೊಂಡ. ಅವನನ್ನು ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗಿ ಬಟ್ಟೆ ಬದಲಿಸಿದ್ದು ನಾವು ಅಡುಗೆಮನೆಯವರು. ಮಾರನೆಯ ದಿನ ಪಾಪನಿವೇದನೆಗೆ ಉದ್ದ ಸಾಲು ನಿಂತದ್ದನ್ನು ಕಾರ್ಯಕ್ರಮದ ಯಶಸ್ಸು ಎಂದು ಪ್ರಕಟಣೆಯಲ್ಲಿ ಓದಿದರು.

ಆ ಕೂಟದಿಂದ ಬಂದ ಒಬ್ಬಳು ಹುಡುಗಿ ನನ್ನ ಮನೆಯ ಮೆಟ್ಟಿಲ ಮೇಲೆ ಕುಳಿತು ಕೇಳಿದ್ದನ್ನು ನಿಮಗೆ ಹೇಳಲೇಬೇಕು. ಅವಳ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿಯಿದ್ದಳು, ಹಿಂದೂ. ಈ ಹುಡುಗಿಯ ಅಮ್ಮ ಮೀನು ಮಾರುಕಟ್ಟೆಗೆ ಹೋದಾಗಲೆಲ್ಲ ಅವಳನ್ನು ನೋಡಿಕೊಂಡದ್ದು, ಗಂಜಿ ಉಣಿಸಿದ್ದು ಆ ಅಜ್ಜಿಯೇ. ತೀರಿಕೊಂಡಾಗ ಸಮುದ್ರದ ದಂಡೆಯ ಸ್ಮಶಾನದಲ್ಲಿ ದಹನವಾಯಿತು. ‘ಅಕ್ಕೋರೇ, ಅಜ್ಜಿಯನ್ನು ಒಮ್ಮೆ ಸುಟ್ಟಾಯಿತಲ್ಲ. ದೇವರು ಮತ್ತೆ ಯಾಕೆ ಸುಡುತ್ತಾನೆ?’

ಯೇಸುವನ್ನು ಒಪ್ಪಿಕೊಳ್ಳದೆ ಸತ್ತವರೆಲ್ಲ ನರಕಕ್ಕೆ ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಹಾಗೆ ಹೇಳಿಕೊಡಲು ಯಾರ ಅಪ್ಪಣೆ ಇತ್ತು? ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿಯೇ ಧರ್ಮಸಭೆಯ ಕುರಿತ ತನ್ನ ಸಂವಿಧಾನದಲ್ಲಿ, ತಮ್ಮ ತಪ್ಪಿಲ್ಲದೆ ಕ್ರಿಸ್ತನ ಶುಭಸಂದೇಶವನ್ನು ಅರಿಯದೆ, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸುತ್ತ, ಅಂತಃಸಾಕ್ಷಿ ತಿಳಿಸಿದಂತೆ ನಡೆದವರೂ ನಿತ್ಯರಕ್ಷಣೆ ಪಡೆಯಬಲ್ಲರು ಎಂದು ಸಾರಿದೆ. ನಮ್ಮ ಜಿಲ್ಲೆಯಂಥ ಜಿಲ್ಲೆಯಲ್ಲಿ ಇದನ್ನು ಅಡಗಿಸಿಟ್ಟು ಬೋಧಿಸುವುದು ಹೇಗೆ ಸಾಧ್ಯ? ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರರ ಫೆಸ್ತ್‌ಗೆ, ಅಂದರೆ ಇಗರ್ಜಿಯ ಹಬ್ಬಕ್ಕೆ, ಡಿಸೆಂಬರ್‌ನಲ್ಲಿ ಮೇಣದಬತ್ತಿ ಹಿಡಿದು ಬರುವವರಲ್ಲಿ ಎಷ್ಟೊಂದು ಜನ ಹಿಂದೂಗಳು. ಹಳಿಯಾಳ, ಯಲ್ಲಾಪುರದ ಕಾಡಂಚಿನ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಹರಕೆಯ ಮೇಣದಬತ್ತಿಯನ್ನು ಅವರ ಕೈಯಿಂದ ತೆಗೆದುಕೊಳ್ಳುತ್ತೇವೆ, ಕಾಣಿಕೆ ಡಬ್ಬಿಗೆ ಹಾಕಿದ ದುಡ್ಡನ್ನು ಎಣಿಸುತ್ತೇವೆ, ಧ್ಯಾನಕೂಟದಲ್ಲಿ ಅವರನ್ನು ಬೆಂಕಿಗೆ ಕಳುಹಿಸುತ್ತೇವೆ.

ನಮ್ಮ ಮನೆಗಳಲ್ಲಿ ರಾತ್ರಿ ಜಪಸರ ಹೇಳುವಾಗ ಪ್ರತಿ ಹತ್ತು ಮಣಿಗಳ ಕೊನೆಗೆ, ಪೋರ್ಚುಗಲ್ಲಿನ ಫಾತಿಮಾದಲ್ಲಿ ಮಾತೆ ಮರಿಯ ಕಲಿಸಿದಳೆನ್ನುವ ಪ್ರಾರ್ಥನೆ ಬರುತ್ತದೆ. ನರಕದ ಬೆಂಕಿಯಿಂದ ನಮ್ಮನ್ನು ಕಾಪಾಡು, ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸು, ನಿನ್ನ ಕರುಣೆ ಹೆಚ್ಚು ಬೇಕಾದವರನ್ನು ವಿಶೇಷವಾಗಿ. ನರಕದ ಭಯವೂ ಎಲ್ಲರ ಮೇಲಿನ ಆಸೆಯೂ ಅದರಲ್ಲಿ ಒಟ್ಟಿಗೇ ಇವೆ. ಅಕ್ಷರ ಬಾರದ ನಮ್ಮ ಅಜ್ಜಿಯಂದಿರಿಗೆ ಈ ದೇವಶಾಸ್ತ್ರ ಬಾಯಿಪಾಠವಾಗಿತ್ತು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು, ಜನ, ಎಲ್ಲ ಮಣ್ಣಿನ, ಗಂಗಾವಳಿ ನದಿಯ ಪಾಲಾದವು. ತಿಂಗಳುಗಟ್ಟಲೆ ಹುಡುಕಿದರೂ ಎಲ್ಲರ ದೇಹ ಸಿಗಲಿಲ್ಲ. ಆ ವಾರದ ಒಂದು ಪ್ರಾರ್ಥನಾಕೂಟದಲ್ಲಿ ಇದನ್ನು ‘ಕಡೆಯ ದಿನಗಳ ಸೂಚನೆ, ಪಾಪಕ್ಕೆ ಸಂದ ತೀರ್ಪು’ ಎಂದು ಹೇಳುವುದನ್ನು ಕೇಳಿದೆ. ಅಲ್ಲೇ ಎದ್ದು ಲೂಕನ ಹದಿಮೂರನೆಯ ಅಧ್ಯಾಯ ತೆರೆಯಿರಿ ಎನ್ನಬೇಕೆನ್ನಿಸಿತು. ಸಿಲೋವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯುತ್ತೀರೋ ಎಂದು ಯೇಸು ಕೇಳಿ, ಇಲ್ಲ ಎಂದು ತಾನೇ ಉತ್ತರ ಕೊಟ್ಟ. ಪಶ್ಚಾತ್ತಾಪದ ಮಾತನ್ನು ಆತ ಸತ್ತವರ ಮೇಲೆ ಹಾಕಲಿಲ್ಲ, ಎದುರಿಗೆ ನಿಂತು ಕೇಳುತ್ತಿದ್ದ ಬದುಕಿರುವವರಿಗೆ ಹೇಳಿದ. ಶಿರೂರಿನ ಗುಡ್ಡದ ಬುಡವನ್ನು ಹೆದ್ದಾರಿಗಾಗಿ ಕಡಿದವರು ಯಾರು, ಅನುಮತಿ ಕೊಟ್ಟವರು ಯಾರು ಎಂದು ಕೇಳಿದ್ದರೆ ಅದೂ ತೀರ್ಪಿನ ಬೋಧನೆಯೇ ಆಗುತ್ತಿತ್ತು. ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರ ಪಾಪ ಹುಡುಕುವುದು ಸುಲಭ. ಅವರು ಮೊಕದ್ದಮೆ ಹೂಡುವುದಿಲ್ಲ.

ಸಮುದ್ರದಲ್ಲಿ ಹೋದವರ ಬಗ್ಗೆಯೂ ಎರಡು ಮಾತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ದೋಣಿ ಏಳು ಜನರೊಂದಿಗೆ ಕಾಣೆಯಾಯಿತು, ನಮ್ಮ ಜಿಲ್ಲೆಯವರೂ ಅದರಲ್ಲಿದ್ದರು. ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲವಣ ಕಡೆಯ ಸಮುದ್ರದಲ್ಲಿ ದೋಣಿಯ ಅವಶೇಷ ಸಿಕ್ಕಿತು, ಜನ ಸಿಗಲಿಲ್ಲ. ಹಾಗೆ ಮರಳದವರು ನಮ್ಮ ಇಗರ್ಜಿಗಳ ಕುಟುಂಬಗಳಲ್ಲಿಯೂ ಇದ್ದಾರೆ. ‘ಕೊನೆಯ ಅಭ್ಯಂಗವಿಲ್ಲ (ಸಾಯುವ ಮುನ್ನ ಗುರುಗಳು ಪವಿತ್ರ ತೈಲ ಹಚ್ಚುವ ಸಂಸ್ಕಾರ), ಮಣ್ಣಿಲ್ಲ, ಅವನ ಗತಿಯೇನು?’ ಎಂದು ಹೆಂಡತಿಯರು ಒಳಗೊಳಗೇ ಬೇಯುತ್ತಾರೆ. ಹೂಳದಿದ್ದರೆ ಸತ್ತವರಿಗೆ ಕೇಡೇನೂ ಆಗದು ಎಂದು ಸಂತ ಆಗಸ್ಟೀನರು ಐದನೆಯ ಶತಮಾನದಲ್ಲಿಯೇ ಒಬ್ಬ ಧರ್ಮಾಧ್ಯಕ್ಷರ ಪ್ರಶ್ನೆಗೆ ಉತ್ತರವಾಗಿ ಬರೆದರು. ಅದಕ್ಕೂ ಮೊದಲೇ ಪ್ರಕಟನಾ ಗ್ರಂಥದ ಇಪ್ಪತ್ತನೆಯ ಅಧ್ಯಾಯದಲ್ಲಿ, ಪುಸ್ತಕಗಳು ತೆರೆದ ಆ ದಿನ ‘ಸಮುದ್ರವು ತನ್ನಲ್ಲಿದ್ದ ಮೃತರನ್ನು ಒಪ್ಪಿಸಿತು’ ಎಂದಿದೆ. ಕರಾವಳಿಯ ವಿಧವೆಯೊಬ್ಬಳಿಗೆ ಇಡೀ ಬೈಬಲಿನಲ್ಲಿ ಇದಕ್ಕಿಂತ ಹತ್ತಿರದ ವಾಕ್ಯ ಇನ್ನೊಂದಿರಲಾರದು. ನಾನು ಇಷ್ಟು ವರ್ಷ ಪ್ರವಚನ ಕೇಳಿದ್ದೇನೆ. ಆ ಅಧ್ಯಾಯದ ಬೆಂಕಿಯ ಕೆರೆ ಎಷ್ಟೋ ಸಲ ಬಂದಿದೆ, ಸಮುದ್ರ ಒಮ್ಮೆಯೂ ಬಂದಿಲ್ಲ.

ಈಗ ನನ್ನ ದೂರಿನ ಇನ್ನೊಂದು ಮಗ್ಗುಲು. ತೀರ್ಪಿನ ಬೋಧನೆಯನ್ನು ನೀವು ಎಲ್ಲಿ ಜೋರಾಗಿ ಮಾಡುತ್ತೀರಿ, ಎಲ್ಲಿ ದನಿ ತಗ್ಗಿಸುತ್ತೀರಿ ಎಂದು ನೋಡುತ್ತ ಬಂದಿದ್ದೇನೆ. ಬಡವನ ಶವಪೂಜೆಯಲ್ಲಿ ನರಕ. ನಾಲ್ಕು ಪರ್ಸೀನ್ (ದೊಡ್ಡ ಬಲೆಯ) ದೋಣಿಗಳ ಧಣಿ ಸತ್ತರೆ, ‘ಅಗಲಿದ ಮಹನೀಯರು ಈಗಾಗಲೇ ಸ್ವರ್ಗದಲ್ಲಿ ತಂದೆಯ ಬಲಗಡೆ ಕುಳಿತು ನಮ್ಮನ್ನು ಹರಸುತ್ತಿದ್ದಾರೆ’ ಎಂದು ಅರ್ಧ ಗಂಟೆಯ ಗುಣಗಾನ. ತಂದೆಯ ಬಲಗಡೆಯ ಜಾಗ ಕ್ರಿಸ್ತನದೆಂದು ವಿಶ್ವಾಸಪ್ರಮಾಣದಲ್ಲಿದೆ, ಇರಲಿ. ಶವಪೂಜೆಯ ಪ್ರವಚನ ಸತ್ತವರ ಗುಣಗಾನವಾಗಕೂಡದು ಎಂದು ನಮ್ಮ ಪೂಜಾವಿಧಿಯೇ ಹೇಳುತ್ತದೆ. ಧಣಿಯನ್ನು ನೇರ ಸ್ವರ್ಗಕ್ಕೆ ಹತ್ತಿಸುವುದೂ, ಸಾಲಗಾರನನ್ನು ನೇರ ನರಕಕ್ಕೆ ಇಳಿಸುವುದೂ ಒಂದೇ ಬಗೆಯ ಅಹಂಕಾರ. ನಡುವೆ ಶುದ್ಧೀಕರಣದ ಸ್ಥಿತಿಯೊಂದಿದೆ, ಸತ್ತವರಿಗಾಗಿ ಪ್ರಾರ್ಥಿಸುವುದು ಅದಕ್ಕಾಗಿಯೇ ಎಂಬ ನಮ್ಮ ಬೋಧನೆ ಈ ಎರಡರ ನಡುವೆ ಎಲ್ಲಿ ಮಾಯವಾಯಿತು? ಪ್ರೊಟೆಸ್ಟೆಂಟ್ ಸಭೆಗಳವರು ಅದನ್ನು ಒಪ್ಪುವುದಿಲ್ಲ, ಅದು ಅವರ ವಾದ. ಒಪ್ಪುವ ನಾವೇ ಬಳಸದಿದ್ದರೆ ಹೇಗೆ?

ಅಂತಿಮ ತೀರ್ಪಿನ ಚಿತ್ರವನ್ನು ಯೇಸುವೇ ಬರೆದು ತೋರಿಸಿದ್ದು ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ. ಅಲ್ಲಿ ಕೇಳುವ ಪ್ರಶ್ನೆಗಳು ನಮಗೆಲ್ಲ ಗೊತ್ತು. ಹಸಿದಿದ್ದೆ, ಊಟ ಕೊಟ್ಟೆಯಾ? ಪರದೇಶಿಯಾಗಿದ್ದೆ, ಸೇರಿಸಿಕೊಂಡೆಯಾ? ರೋಗಿಯಾಗಿದ್ದೆ, ಸೆರೆಯಲ್ಲಿದ್ದೆ, ನೋಡಲು ಬಂದೆಯಾ? ಬಂದರಿಗೆ ಒಮ್ಮೆ ಹೋಗಿ ನೋಡಿ ಫಾದರ್. ನಮ್ಮ ದೋಣಿಗಳಲ್ಲಿ ಬಲೆ ಎಳೆಯುವವರು ಈಗ ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗರು. ದೋಣಿಯಲ್ಲಿಯೇ ಅಡುಗೆ, ದೋಣಿಯಲ್ಲಿಯೇ ನಿದ್ದೆ. ಮೀನು ಇಳಿಸುವಾಗ ಕೈ ಕೊಯ್ದುಕೊಂಡ ಒಬ್ಬ ಹುಡುಗ ಆ ಕೈಗೆ ಬನಿಯನ್ ಸುತ್ತಿಕೊಂಡು ಐಸ್ ಪೆಟ್ಟಿಗೆ ಹೊರುತ್ತಿದ್ದುದನ್ನು ನಾನು ನೋಡಿದ್ದೇನೆ. ಕೂಲಿ ಬಾಕಿ ಉಳಿಸಿಕೊಳ್ಳುವ ಧಣಿಗಳಲ್ಲಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂರುವವರೂ ಇದ್ದಾರೆ. ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಯಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿದೆ. ಇದನ್ನು ದೋಣಿಗಳ ಆಶೀರ್ವಾದದ ದಿನ ಓದಿ. ಅಂದು ನಿಮ್ಮ ದನಿ ಎಷ್ಟು ಎತ್ತರಕ್ಕೇರಿದರೂ ನನ್ನ ಆಕ್ಷೇಪಣೆಯಿಲ್ಲ.

ಲಾಜರನ ಕಥೆಯಲ್ಲಿ ನರಕಕ್ಕೆ ಹೋದ ಸಿರಿವಂತ ಯಾರನ್ನೂ ಕೊಲ್ಲಲಿಲ್ಲ, ಕದಿಯಲಿಲ್ಲ. ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದವನನ್ನು ದಾಟಿಕೊಂಡು ಓಡಾಡಿದ, ಅಷ್ಟೇ. ಶುಭಸಂದೇಶಗಳಲ್ಲಿ ನರಕದ ಮಾತು ಬಂದಲ್ಲೆಲ್ಲ ನೋಡಿ, ಯೇಸು ಅದನ್ನು ಹೆಚ್ಚಾಗಿ ಹೇಳಿದ್ದು ತಾವು ಸುರಕ್ಷಿತರೆಂದು ತಿಳಿದುಕೊಂಡವರಿಗೆ. ಮುರಿದುಬಿದ್ದವರಿಗೆ ಹೇಳಿದ್ದು ಬೇರೆ ಮಾತು. ಶಿಲುಬೆಯ ಮೇಲೆ ಪಕ್ಕದಲ್ಲಿದ್ದ ಕಳ್ಳನಿಗೆ ಕೊನೆಯ ಗಳಿಗೆಯಲ್ಲಿ ‘ಇಂದೇ ನನ್ನೊಡನೆ ಪರಂಧಾಮದಲ್ಲಿರುವೆ’ ಎಂದ. ನೀವು ಇದನ್ನು ತಿರುಗಿಸಿಬಿಟ್ಟಿದ್ದೀರಿ. ಪೋಪ್ ಹದಿನಾರನೆಯ ಬೆನೆಡಿಕ್ಟರು 2007ರಲ್ಲಿ ಭರವಸೆಯ ಕುರಿತು ಬರೆದ ವಿಶ್ವಪತ್ರದಲ್ಲಿ, ನಿತ್ಯಜೀವನವನ್ನು ನಂಬಲು ಅತಿ ಬಲವಾದ ಕಾರಣ ನ್ಯಾಯದ ಪ್ರಶ್ನೆಯೇ ಎಂದು ಹೇಳಿದ್ದಾರೆ. ಲೋಕದಲ್ಲಿ ಆದ ಅನ್ಯಾಯವೇ ಕೊನೆಯ ಮಾತಾಗಬಾರದು ಎಂಬುದು ಅವರ ವಾದ. ಕೃಪೆ ಎಂದರೆ ಎಲ್ಲ ಅಳಿಸಿಹಾಕುವ ಸ್ಪಂಜಲ್ಲ, ಕೊಂದವನೂ ಕೊಲೆಯಾದವನೂ ಏನೂ ನಡೆಯದಂತೆ ನಿತ್ಯದ ಔತಣದಲ್ಲಿ ಅಕ್ಕಪಕ್ಕ ಕೂರುವುದಿಲ್ಲ ಎಂದೂ ಬರೆದಿದ್ದಾರೆ. ತೀರ್ಪು ಎಂದರೆ ಕೂಲಿ ಸಿಗದ ಹುಡುಗನಿಗೆ ಸಂತೋಷದ ಸುದ್ದಿಯಾಗಬೇಕು. ನಮ್ಮಲ್ಲಿ ಅದು ಮಗ ಸತ್ತ ತಾಯಿಗೆ ಶಿಕ್ಷೆಯಾಗಿದೆ.

‘ಭಯವಿಲ್ಲದಿದ್ದರೆ ಜನ ಇಗರ್ಜಿಗೆ ಬರುವುದಿಲ್ಲ ಅಕ್ಕೋರೇ’ ಎಂದು ನಿಮ್ಮಲ್ಲೊಬ್ಬರು ನನಗೆ ಹೇಳಿದ್ದುಂಟು. ಬೆತ್ತದ ಭಯಕ್ಕೆ ಮಗ್ಗಿ ಒಪ್ಪಿಸಿದ ಮಕ್ಕಳನ್ನು ನಾನು ವೃತ್ತಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಬೆತ್ತ ಕಾಣದಾದ ದಿನ ಮಗ್ಗಿಯೂ ಮರೆತುಹೋಗುತ್ತದೆ. ಹತ್ತನೆಯ ತರಗತಿ ಮುಗಿಸಿ ಗೋವಾಕ್ಕೋ ಬೆಂಗಳೂರಿಗೋ ಹೋದ ನಮ್ಮ ಹುಡುಗರು ಅಲ್ಲಿ ಎಷ್ಟು ಭಾನುವಾರ ಪೂಜೆಗೆ ಹೋಗುತ್ತಾರೆಂದು ಅವರ ತಾಯಂದಿರನ್ನು ಕೇಳಿ.

ಮೀನುಗಾರರಿಗೆಂದೇ ಹೇಳಿದಂತಿರುವ ಸಾಮತಿ (ದೃಷ್ಟಾಂತ ಕಥೆ) ಮತ್ತಾಯನ ಹದಿಮೂರನೆಯ ಅಧ್ಯಾಯದಲ್ಲಿದೆ. ಸ್ವರ್ಗಸಾಮ್ರಾಜ್ಯ ಸಮುದ್ರಕ್ಕೆ ಬೀಸಿದ ಬಲೆಯ ಹಾಗೆ, ಎಲ್ಲ ಬಗೆಯ ಮೀನೂ ಅದರಲ್ಲಿ ಬೀಳುತ್ತದೆ. ತುಂಬಿದ ಮೇಲೆ ದಡಕ್ಕೆಳೆದು, ಕುಳಿತು, ಒಳ್ಳೆಯದನ್ನು ಬುಟ್ಟಿಗೆ ತುಂಬಿ ಕೆಟ್ಟದ್ದನ್ನು ಎಸೆಯುತ್ತಾರೆ. ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆಯಾದ ರಂಪಣಿಯನ್ನು ಎಳೆಯುವುದನ್ನು ಬಾಲ್ಯದಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಊರೇ ಹಗ್ಗ ಹಿಡಿದಿರುತ್ತಿತ್ತು. ಬಂಗುಡೆ, ತಾರ್ಲೆ, ಏಡಿ, ಪಾಚಿ, ಎಲ್ಲ ಒಟ್ಟಿಗೇ ಬರುತ್ತಿತ್ತು. ಬಲೆ ಇನ್ನೂ ನೀರಲ್ಲಿರುವಾಗ ಕೈ ಹಾಕಿ ಆರಿಸಲು ಹೊರಟವನಿಗೆ ಹಿರಿಯರಿಂದ ಬೈಗುಳ ಬೀಳುತ್ತಿತ್ತು. ಕೊನೆಯಲ್ಲಿ ಆರಿಸುವವರು ದೇವದೂತರು ಎಂದು ಯೇಸು ಹೇಳಿದ್ದಾನೆ. ನಿಮಗೂ ನನಗೂ ಕೊಟ್ಟಿರುವುದು ಹಗ್ಗ ಎಳೆಯುವ ಕೆಲಸ.

ನನ್ನ ಕೋರಿಕೆಗಳು ದೊಡ್ಡವಲ್ಲ. ಹೊರಗಿನಿಂದ ಬೋಧಕರನ್ನು ಕರೆಸುವಾಗ, ಸತ್ತವರು ಎಲ್ಲಿಗೆ ಹೋದರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲವೆಂದು ಮೊದಲೇ ತಿಳಿಸಿ. ಧರ್ಮಸಭೆ ಸಂತರ ಪಟ್ಟಿಯನ್ನು ಪ್ರಕಟಿಸಿದೆ, ನರಕದಲ್ಲಿರುವವರೆಂದು ಯಾವ ಮನುಷ್ಯನ ಹೆಸರನ್ನೂ ಇಂದಿನವರೆಗೆ ಸಾರಿಲ್ಲ. ಎರಡು ಸಾವಿರ ವರ್ಷ ಧರ್ಮಸಭೆ ಕಾಪಾಡಿಕೊಂಡ ಈ ಸಂಯಮವನ್ನು ಅರ್ಧ ಗಂಟೆಯ ಪ್ರವಚನದಲ್ಲಿ ಕಳೆಯಬೇಡಿ. ಮಕ್ಕಳ ಕೂಟದಲ್ಲಿ ಆ ಕತ್ತಲು, ಪರದೆ, ಚೀರಾಟ ಇನ್ನು ಬೇಡ. ಮಕ್ಕಳಿಗೆ ತೀರ್ಪಿನ ಬಗ್ಗೆ ಹೇಳಲೇಬೇಕಿದ್ದರೆ ಮತ್ತಾಯನ ಇಪ್ಪತ್ತೈದನ್ನು ಓದಿ, ಮರುದಿನ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಹಣ್ಣು ಹಿಡಿದುಕೊಂಡು ಕರೆದುಕೊಂಡು ಹೋಗಿ. ಅಡುಗೆಯವರಾದ ನಾವೂ ಬರುತ್ತೇವೆ.

ಇಗರ್ಜಿಯ ಸೂಚನಾ ಫಲಕದಲ್ಲಿ ಫೆಸ್ತ್‌ನ ದೇಣಿಗೆದಾರರ ಪಟ್ಟಿಯ ಪಕ್ಕದಲ್ಲಿ ಒಂದು ಗೇಣು ಜಾಗ ಬಿಟ್ಟುಕೊಡಿ. ಸರಕಾರದ ಟೆಲಿಮಾನಸ್ ಸಹಾಯವಾಣಿ 14416ನ್ನು ಅಲ್ಲಿ ದಪ್ಪ ಅಕ್ಷರದಲ್ಲಿ ಬರೆಸುತ್ತೇನೆ, ಖರ್ಚು ನನ್ನದು. ನಿದ್ದೆ ಬಾರದೆ, ಸಾಲದ ಚಿಂತೆಯಲ್ಲಿ, ಬದುಕು ಸಾಕೆನ್ನಿಸಿ ಕುಳಿತವರು ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ‘ಫಾದರ್ ಬೈಯುತ್ತಾರೆ’ ಎಂದು ನಿಮ್ಮ ಮನೆಯ ಬಾಗಿಲು ತಟ್ಟಲು ಹೆದರುವವರಿಗೆ ಈ ದಾರಿಯಾದರೂ ಇರಲಿ. ಅವರು ನಿಮ್ಮ ಬಾಗಿಲನ್ನೇ ತಟ್ಟುವಂತಾದರೆ ಇನ್ನೂ ಒಳ್ಳೆಯದು.

ನವೆಂಬರ್ 2ರಂದು ಸಕಲ ಮೃತರ ಸ್ಮರಣೆಯ ದಿನ ಸ್ಮಶಾನದಲ್ಲಿ ಗೋರಿಗಳಿಗೆ ತೀರ್ಥ ಚಿಮುಕಿಸುತ್ತ ಬರುವಾಗ ಗೋಡೆಯ ಮೂಲೆಯವರೆಗೂ ಬನ್ನಿ. ಈವರೆಗೆ ನಡುದಾರಿಯಲ್ಲಿಯೇ ತಿರುಗಿಬಿಡುತ್ತಿದ್ದಿರಿ. ಆ ಸಣ್ಣ ದಿಬ್ಬಗಳ ಹುಲ್ಲನ್ನು ಮಹಿಳಾ ಸಂಘದವರು ಮುಂಚಿತವಾಗಿ ಕೊಯ್ದಿಡುತ್ತೇವೆ, ಕೆಸರಿರುವುದಿಲ್ಲ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಒಂದಿದೆ. ನಮ್ಮೂರಿನ ಆ ಯುವಕನ ಹೆಸರಿನಲ್ಲಿ, ಹೆಸರನ್ನು ಗಟ್ಟಿಯಾಗಿ ಓದಿ, ಭಾನುವಾರದ ಎಲ್ಲರೂ ಇರುವ ಪೂಜೆಯನ್ನು ಅರ್ಪಿಸಿ. ಶವಪೂಜೆಯಲ್ಲಿ ಆಡಿದ ಮಾತು ಧರ್ಮಸಭೆಯ ಬೋಧನೆಯಲ್ಲ ಎಂದು ಅದೇ ಪೀಠದಿಂದ ಹೇಳಿ. ಅದಕ್ಕೂ ಮುಂಚೆ ಅವನ ತಾಯಿಯ ಮನೆಗೆ ಒಮ್ಮೆ ಬರಬೇಕು. ದಾರಿ ಗೊತ್ತಿಲ್ಲದಿದ್ದರೆ ನಾನು ಜೊತೆಗಿರುತ್ತೇನೆ. ಬೆಳಿಗ್ಗೆ ಅವಳು ಮಾರುಕಟ್ಟೆಯಲ್ಲಿರುತ್ತಾಳೆ, ಮಧ್ಯಾಹ್ನ ಎರಡು ಗಂಟೆಯ ಮೇಲೆ ಬನ್ನಿ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ,
ಕಾರವಾರ ತಾಲೂಕು